ನಮ್ಮ ಮೆಡಿಕಲ್ ರೆಕಾರ್ಡ್ ಯಾರ್ಯಾರು ನೋಡ್ಬಹುದು? ಅಮೆರಿಕದ ಓದುಗರ ಪ್ರಶ್ನೆಗಳು

ಈ ಸಲ ಅಮೆರಿಕದಲ್ಲಿರೋ ಓದುಗರ ಪತ್ರಗಳನ್ನೇ ತಗೊಂಡಿದೀನಿ, ಯಾಕಂದ್ರೆ ಬಂದಿದ್ದರಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲಿದ್ವು. ಒಂದು ಆಸ್ಪತ್ರೆಯ ದಾಖಲೆ ರಾಜ್ಯದ ಬೇರೆ ಆಸ್ಪತ್ರೆ, ಕ್ಲಿನಿಕ್, ಲ್ಯಾಬ್‌ಗಳಿಗೂ ಕಂಪ್ಯೂಟರ್‌ನಲ್ಲೇ ಸಿಗೋ ವ್ಯವಸ್ಥೆ, ಅಲ್ಲಿ ಹೆಲ್ತ್ ಇನ್ಫರ್ಮೇಷನ್ ಎಕ್ಸ್‌ಚೇಂಜ್ ಅಂತಾರಲ್ಲ, ಅದರ ಬಗ್ಗೆ.

ಪ್ರಶ್ನೆ: ಹೊಸ ಡಾಕ್ಟರ್ ಹತ್ರ ಮೊದಲ ಸಲ ಹೋಗಿದ್ದೆ. ನಾನು ಬಾಯಿ ಬಿಡೋ ಮುಂಚೆನೇ ಹೋದ ವರ್ಷ ಬೇರೆ ಆಸ್ಪತ್ರೇಲಿ ಆದ ಆಪರೇಷನ್, ಬ್ಲಡ್ ರಿಪೋರ್ಟ್ ಎಲ್ಲಾ ಅವರ ಸ್ಕ್ರೀನ್ ಮೇಲಿತ್ತು. ನಾನಂತೂ ಯಾವುದಕ್ಕೂ ಒಪ್ಪಿಗೆ ಕೊಟ್ಟಿಲ್ಲ. ಇದು ಸರೀನಾ?
(ಓದುಗರು, ಮೇರಿಲ್ಯಾಂಡ್)

ಕಾನೂನು ಪ್ರಕಾರ ಸರಿ. ಹಿಪಾ ಅನ್ನೋ 1996ರ ಫೆಡರಲ್, ಅಂದ್ರೆ ಇಡೀ ದೇಶಕ್ಕೆ ಅನ್ವಯಿಸೋ ಕಾಯ್ದೆಯ ಕೆಳಗೆ ಬಂದ ಪ್ರೈವಸಿ ನಿಯಮ ಏನು ಹೇಳತ್ತೆ ಅಂದ್ರೆ ಚಿಕಿತ್ಸೆಗೆ, ಬಿಲ್ ವಸೂಲಿಗೆ, ಆಸ್ಪತ್ರೆ ನಡೆಸೋ ಕೆಲಸಕ್ಕೆ ದಾಖಲೆ ಹಂಚಿಕೊಳ್ಳೋದಾದ್ರೆ ಪೇಷಂಟ್ ಸಹಿ ಬೇಕಾಗಿಲ್ಲ. 2009ರಲ್ಲಿ ಹೈಟೆಕ್ ಅನ್ನೋ ಕಾಯ್ದೆ ಬಂದು ರಾಜ್ಯಗಳಿಗೆ ಇಂಥ ಎಕ್ಸ್‌ಚೇಂಜ್ ಕಟ್ಟೋಕೆ 50 ಕೋಟಿ ಡಾಲರ್‌ಗೂ ಜಾಸ್ತಿ ದುಡ್ಡು ಸಿಕ್ತು, ನಿಮ್ಮ ರಾಜ್ಯದಲ್ಲಿ ಅದನ್ನ ಕ್ರಿಸ್ಪ್ ಅನ್ನೋ ಸಂಸ್ಥೆ ನಡೆಸತ್ತೆ. ಅಲ್ಲಿನ ಪದ್ಧತಿ ಆಪ್ಟ್-ಔಟ್, ಅಂದ್ರೆ ನೀವು ಬೇಡ ಅನ್ನೋವರೆಗೂ ನೀವು ಒಳಗಿದೀರಿ ಅಂತಲೇ ಲೆಕ್ಕ.

ರಿಸೆಪ್ಷನ್‌ನಲ್ಲಿ ಒಂದು ಸಣ್ಣ ಪ್ಯಾಡ್ ಮುಂದೆ ಹಿಡಿದು ಇಲ್ಲಿ ಸಹಿ ಮಾಡಿ ಅಂತಾರೆ, ನೆನಪಿದೆಯಾ? ಅದು ಹೆಚ್ಚಾಗಿ 'ನಿಮ್ಮ ಪ್ರೈವಸಿ ನೋಟಿಸ್ ನನಗೆ ಸಿಕ್ಕಿದೆ' ಅನ್ನೋದಕ್ಕೆ ಸಹಿ, ಆದ್ರೆ ನೋಟಿಸ್ ಕೈಗೆ ಕೊಟ್ಟಿರಲ್ಲ, ಕೇಳಿದ್ರೆ ಕೊಡ್ತಾರೆ. ದಯವಿಟ್ಟು ಕೇಳಿ ತಗೊಳ್ಳಿ, ನಿಮ್ಮ ದಾಖಲೆ ಎಕ್ಸ್‌ಚೇಂಜ್‌ಗೆ ಹೋಗತ್ತೆ, ಬೇಡ ಅಂದ್ರೆ ಹಿಂಗೆ ಮಾಡಿ ಅನ್ನೋ ಸಾಲು ಸಾಮಾನ್ಯವಾಗಿ ಅದರೊಳಗೇ ಇರತ್ತೆ. ಇನ್ನೊಂದು ಗೊತ್ತಿರಲಿ, ಮೇರಿಲ್ಯಾಂಡ್‌ನಲ್ಲಿ ಆಪ್ಟ್-ಔಟ್ ಮಾಡಿದ್ರೂ ಸರ್ಕಾರದ ನಿಗಾದಲ್ಲಿರೋ ಔಷಧಿಗಳ ಮಾಹಿತಿ, ಅಂದ್ರೆ ಓಪಿಯಾಯ್ಡ್ ನೋವಿನ ಮಾತ್ರೆ ಥರದ್ದು, ಡಾಕ್ಟರುಗಳಿಗೆ ಕಾಣ್ತಾನೇ ಇರತ್ತೆ.

ಪ್ರಶ್ನೆ: ನ್ಯೂಯಾರ್ಕ್‌ನಲ್ಲಿ ನಮಗೆ ಪ್ರತೀ ಕ್ಲಿನಿಕ್‌ನಲ್ಲೂ ಒಪ್ಪಿಗೆ ಫಾರಂ ಕೊಟ್ಟಿದ್ರು. ರಾಜ್ಯಕ್ಕೊಂದು ಕಾನೂನಾ?

ಹೌದು. ಹಿಪಾ ಕನಿಷ್ಠ ಮಟ್ಟ ಅಷ್ಟೇ, ಅದಕ್ಕಿಂತ ಬಿಗಿಯಾಗಿ ರಾಜ್ಯಗಳು ಕಾನೂನು ಮಾಡ್ಕೋಬಹುದು. ನ್ಯೂಯಾರ್ಕ್ ಮೊದಲಿಂದ ಒಪ್ಪಿಗೆ ಕೇಳೋ ದಾರಿ ಹಿಡೀತು, ಮಿನೆಸೋಟಾದಲ್ಲೂ ನಿಯಮ ಬಿಗಿ. ಆದ್ರೆ ನ್ಯೂಯಾರ್ಕ್ ಪದ್ಧತೀಲಿ ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. ನೀವು ಸಹಿ ಹಾಕೋದು ನಿಮ್ಮ ದಾಖಲೆಯನ್ನ ಬೇರೆಯವರು ತೆಗೆದು ನೋಡೋದಕ್ಕೆ, ದಾಖಲೆ ಎಕ್ಸ್‌ಚೇಂಜ್‌ಗೆ ಸೇರೋದಕ್ಕಲ್ಲ, ಅದು ಸಹಿ ಇಲ್ದೆನೂ ಸೇರಿರತ್ತೆ. ಫಾರಂಗೆ ಸಹಿನೇ ಹಾಕದೆ ಬಿಟ್ರೆ ಎಮರ್ಜೆನ್ಸೀಲಿ ಡಾಕ್ಟರ್ ನೋಡಬಹುದು, 'ಎಮರ್ಜೆನ್ಸೀಲೂ ಬೇಡ' ಅಂತ ಟಿಕ್ ಹಾಕಿದ್ರೆ ಆಗಲೂ ನೋಡೋ ಹಾಗಿಲ್ಲ. ಪೆನ್ಸಿಲಿನ್ ಅಲರ್ಜಿ ಇದ್ದು, ಪ್ರಜ್ಞೆ ಇಲ್ಲದೆ ಸ್ಟ್ರೆಚರ್ ಮೇಲೆ ಮಲಗಿರೋವಾಗ ಆ ಟಿಕ್ ಏನು ಮಾಡಬಹುದು ಯೋಚಿಸಿ. ಅದೊಂದು ಬಾಕ್ಸ್ ಮಾತ್ರ ಅವಸರದಲ್ಲಿ ತುಂಬಬೇಡಿ.

ಪ್ರಶ್ನೆ: ನಾನು ಡಿಪ್ರೆಶನ್‌ಗೆ ಚಿಕಿತ್ಸೆ ತಗೋತಿದೀನಿ. ಮನೇಲಿ ಗಂಡನಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಹಲ್ಲಿನ ಡಾಕ್ಟರಿಗೋ ಚರ್ಮದ ಡಾಕ್ಟರಿಗೋ ಇದು ಕಾಣೋದು ನನಗೆ ಬೇಡ. ಅದೊಂದನ್ನ ಮಾತ್ರ ಮುಚ್ಚಿಡೋಕೆ ಆಗತ್ತಾ?

ಮೊದಲಿಗೆ, ನೀವು ಕೇಳಿರೋದು ನ್ಯಾಯವಾದ ಪ್ರಶ್ನೆ, ಇದರಲ್ಲಿ ಮುಜುಗರಪಡೋ ಅಂಥದ್ದು ಏನೂ ಇಲ್ಲ. ಆದ್ರೆ ಉತ್ತರ ನಿಮಗೆ ಸಮಾಧಾನ ತರಲ್ಲ ಅಂತ ನನಗೆ ಬೇಸರ.

ಸೈಕೋಥೆರಪಿಸ್ಟ್ ನಿಮ್ಮ ಮಾತುಕತೆ ಬಗ್ಗೆ ಬೇರೆಯಾಗಿ ಬರೆದಿಟ್ಟುಕೊಳ್ಳೋ ಟಿಪ್ಪಣಿಗೆ ಹಿಪಾದಲ್ಲಿ ವಿಶೇಷ ರಕ್ಷಣೆ ಇದೆ, ನಿಮ್ಮ ಲಿಖಿತ ಅನುಮತಿ ಇಲ್ದೆ ಅದು ಹೊರಗೆ ಹೋಗೋದು ತೀರಾ ಅಪರೂಪ. ಕುಡಿತ, ಡ್ರಗ್ಸ್ ಬಿಡಿಸೋ ಚಿಕಿತ್ಸೆಯ ದಾಖಲೆಗಳಿಗೂ 1970ರ ದಶಕದಿಂದ ಬೇರೆನೇ ಫೆಡರಲ್ ಕಾನೂನಿದೆ, ಆದ್ರೆ 2024ರಲ್ಲಿ ಅದನ್ನೂ ಸಡಿಲ ಮಾಡಿ ಒಂದು ಸಲ ಸಹಿ ಹಾಕಿದ್ರೆ ಮುಂದಿನ ಚಿಕಿತ್ಸೆ, ಬಿಲ್ ಎಲ್ಲಕ್ಕೂ ಸಾಕು ಅಂತ ಮಾಡಿದ್ರು. ಡಿಪ್ರೆಶನ್ ಅನ್ನೋ ರೋಗನಿರ್ಣಯ ಮತ್ತು ಅದರ ಮಾತ್ರೆಗೆ ಫೆಡರಲ್ ಮಟ್ಟದಲ್ಲಿ ಇಂಥ ಪ್ರತ್ಯೇಕ ಗೋಡೆ ಇಲ್ಲ, ಕೆಲವು ರಾಜ್ಯಗಳಲ್ಲಿದೆ.

ಅಂಥ ಗೋಡೆ ಇದ್ರೂ ತೊಂದರೆ ತಪ್ಪಲ್ಲ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗೋದು ಸಾಮಾನ್ಯವಾಗಿ ಒಂದು ಸಾರಾಂಶ ಫೈಲು, ಅದರಲ್ಲಿ ಕಾಯಿಲೆಗಳ ಪಟ್ಟಿ, ಮಾತ್ರೆಗಳ ಪಟ್ಟಿ, ಅಲರ್ಜಿ, ಲ್ಯಾಬ್ ರಿಪೋರ್ಟ್ ಎಲ್ಲಾ ಒಟ್ಟಿಗೇ ಇರತ್ತೆ. ಕಾಯಿಲೆ ಪಟ್ಟಿಯಿಂದ ಡಿಪ್ರೆಶನ್ ಅಂತ ತೆಗೆದ್ರೂ ಮಾತ್ರೆ ಪಟ್ಟೀಲಿ ಸರ್ಟ್ರಲೀನ್ 50 ಮಿಲಿಗ್ರಾಂ ಅಂತ ಕೂತಿರತ್ತೆ, ನೋಡಿದ ಡಾಕ್ಟರಿಗೆ ಒಂದು ಕ್ಷಣದಲ್ಲಿ ಅಂದಾಜಾಗತ್ತೆ. ಸೂಕ್ಷ್ಮ ಭಾಗಕ್ಕೆ ಗುರುತು ಹಾಕಿ ಅದನ್ನಷ್ಟೇ ತಡೆಯೋ ತಂತ್ರಜ್ಞಾನ ಇಲ್ಲ ಅಂತಲ್ಲ, ಇದೆ, ಆದ್ರೆ ಬಳಸೋರು ಕಡಿಮೆ. ಹಾಗಾಗಿ ಬಹಳ ಕಡೆ ನಿಮ್ಮ ಮುಂದಿರೋದು ಎರಡೇ ದಾರಿ, ಪೂರ್ತಿ ಒಳಗಿರಿ ಇಲ್ಲಾ ಪೂರ್ತಿ ಹೊರಗಿರಿ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಒಂದು ಕಾಯಿಲೆ ಗುಟ್ಟಾಗಿಡಬೇಕು ಅನ್ನೋ ಹೆಂಗಸು ಅದಕ್ಕೋಸ್ಕರ ತನ್ನ ಅಲರ್ಜಿ ಮಾಹಿತೀನೂ ಕಳ್ಕೋಬೇಕು ಅಂತ ಯಾಕೆ ಇರಬೇಕು, ಹೀಗೇ ಇದ್ರೆ ಜನ ಡಾಕ್ಟರ್ ಹತ್ರ ನಿಜ ಹೇಳೋದನ್ನೇ ಬಿಡ್ತಾರೆ, ಆಮೇಲೆ ಎಷ್ಟು ದಾಖಲೆ ಹಂಚಿದ್ರೂ ಏನು ಪ್ರಯೋಜನ.

ಸದ್ಯಕ್ಕೆ ನಿಮ್ಮ ಕೈಲಾಗೋದು ಇಷ್ಟು. ನಿಮ್ಮ ಥೆರಪಿಸ್ಟ್ ಎಕ್ಸ್‌ಚೇಂಜ್‌ಗೆ ಏನೇನು ಕಳಿಸ್ತಾರೆ ಅಂತ ನೇರವಾಗಿ ಕೇಳಿ, ಸಣ್ಣ ಖಾಸಗಿ ಪ್ರಾಕ್ಟೀಸ್‌ಗಳಲ್ಲಿ ಬಹಳಷ್ಟು ಕಳಿಸೋದೇ ಇಲ್ಲ. ಪೂರ್ತಿ ಫೀಸು ನೀವೇ ಕೈಯಿಂದ ಕೊಟ್ರೆ ಆ ಚಿಕಿತ್ಸೆ ವಿಷಯ ಇನ್ಶೂರೆನ್ಸ್ ಕಂಪನಿಗೆ ಹೇಳಬೇಡಿ ಅಂತ ಬರೆದುಕೊಡಬಹುದು, 2013ರ ನಿಯಮದ ಪ್ರಕಾರ ಅವರು ಒಪ್ಪಲೇಬೇಕು. ಮಾತ್ರೆ ಮಾತ್ರ ಮುಚ್ಚಿಡಬೇಡಿ ತಾಯಿ, ಸರ್ಟ್ರಲೀನ್ ಥರದ್ದು ಕೆಲವು ನೋವಿನ ಮಾತ್ರೆ ಜೊತೆ ಸೇರಿದ್ರೆ ರಕ್ತಸ್ರಾವದ ಅಪಾಯ ಇದೆ. ಹಲ್ಲು ಕೀಳೋ ಮುಂಚೆ ಡಾಕ್ಟರಿಗೆ ಗೊತ್ತಿರಬೇಕು.

ಪ್ರಶ್ನೆ: ಅತ್ತೆಯವರ ದಾಖಲೇಲಿ ಯಾರದೋ ಡಯಾಬಿಟಿಸ್ ಸೇರ್ಕೊಂಡಿದೆ! ಅವರಿಗೆ ಶುಗರ್ ಇಲ್ಲವೇ ಇಲ್ಲ.

ನಮ್ಮವರಲ್ಲಿ ಇದಾಗೋ ಸಾಧ್ಯತೆ ಜಾಸ್ತಿ. ಅಮೆರಿಕದಲ್ಲಿ ಪೇಷಂಟ್‌ಗೆ ದೇಶಕ್ಕೆಲ್ಲ ಒಂದೇ ನಂಬರ್ ಇಲ್ಲ, ಅದಕ್ಕೆ ಆರೋಗ್ಯ ಇಲಾಖೆ ದುಡ್ಡು ಖರ್ಚು ಮಾಡಬಾರದು ಅಂತ 1998ರಲ್ಲೇ ಅಲ್ಲಿನ ಸಂಸತ್ತು ತಡೆ ಹಾಕಿತ್ತು, ಕಾರಣ ಖಾಸಗಿತನದ ಭಯವೇ. ಹಾಗಾಗಿ ಕಂಪ್ಯೂಟರ್ ಹೆಸರು, ಹುಟ್ಟಿದ ದಿನ, ವಿಳಾಸ ನೋಡಿ ಇವರೇ ಅವರು ಅಂತ ಅಂದಾಜು ಮಾಡತ್ತೆ. ನಮ್ಮ ಹಿರಿಯರ ಕಥೆ ಗೊತ್ತಲ್ಲ, ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1 ಎಷ್ಟೋ ಜನರ ಹುಟ್ಟಿದ ದಿನ, ಪಾಸ್‌ಪೋರ್ಟಲ್ಲಿ ಒಂದೇ ಹೆಸರಿದ್ರೆ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು, ಅಂದ್ರೆ 'ಮೊದಲ ಹೆಸರು ಗೊತ್ತಿಲ್ಲ' ಅಂತ ಬರತ್ತೆ, ಲಕ್ಷ್ಮಮ್ಮ ಅನ್ನೋದನ್ನ ಒಂದು ಕಡೆ ಒಂದು ಥರ ಸ್ಪೆಲ್ಲಿಂಗ್, ಇನ್ನೊಂದು ಕಡೆ ಇನ್ನೊಂದು ಥರ. ಇಬ್ಬರದ್ದು ಒಂದಾಗೋದೂ ಉಂಟು, ಒಬ್ಬರದ್ದೇ ಮೂರು ಫೈಲ್ ಆಗೋದೂ ಉಂಟು.

ತಪ್ಪು ಮಾಹಿತಿ ಯಾವ ಆಸ್ಪತ್ರೆಯಿಂದ ಬಂದಿದೆ ಅಂತ ಮೊದಲು ಪತ್ತೆ ಮಾಡಿ, ಅಲ್ಲಿನ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ತಿದ್ದುಪಡಿ ಅರ್ಜಿ ಕೊಡಿ. 60 ದಿನದೊಳಗೆ ಉತ್ತರ ಕೊಡಬೇಕು, ಬೇಕಾದ್ರೆ ಒಂದು ಸಲ 30 ದಿನ ಮುಂದೂಡಬಹುದು, ಆಗಲ್ಲ ಅಂದ್ರೆ ನಿಮ್ಮ ಆಕ್ಷೇಪಣೆ ದಾಖಲೆ ಜೊತೆ ಸೇರಿಸಬೇಕು. ಎಕ್ಸ್‌ಚೇಂಜ್‌ಗೂ ಬೇರೆಯಾಗಿ ತಿಳಿಸಿ, ಮೂಲದಲ್ಲಿ ತಿದ್ದಿದ್ರೂ ಅಲ್ಲಿ ಹಳೇದು ಉಳ್ಕೊಂಡಿರಬಹುದು. ಇನ್ಮೇಲೆ ಎಲ್ಲಾ ಕಡೆ ಪಾಸ್‌ಪೋರ್ಟಲ್ಲಿರೋ ಹೆಸರು, ಅದೇ ಸ್ಪೆಲ್ಲಿಂಗು, ಅದೇ ಹುಟ್ಟಿದ ದಿನ.

ಪ್ರಶ್ನೆ: ದಾಖಲೆ ಎಲ್ಲಾ ಫೋನ್ ಆ್ಯಪ್‌ಗೆ ಇಳಿಸ್ಕೋಬಹುದಾ?

ಇಳಿಸ್ಕೋಬಹುದು, ಅದು ನಿಮ್ಮ ಹಕ್ಕು. ಆದ್ರೆ ನೀವೇ ಆರಿಸಿದ ಆ್ಯಪ್‌ಗೆ ಹೋದ ಮೇಲೆ ಸಾಮಾನ್ಯವಾಗಿ ಹಿಪಾ ಕಾವಲು ಅಲ್ಲಿಗೆ ಮುಗೀತು, ಆಮೇಲೆ ಹೆಚ್ಚಾಗಿ ಆ ಕಂಪನಿ ಏನು ಮಾತು ಕೊಟ್ಟಿದೆಯೋ ಅದರ ಮೇಲೇ ನಿಂತಿರತ್ತೆ. ಜಾಹೀರಾತಿಗೆ ಮಾರಲ್ಲ ಅಂತ ಸ್ಪಷ್ಟವಾಗಿ ಬರೆದಿರದ ಆ್ಯಪ್ ಬೇಡ.

ಪ್ರಶ್ನೆ: ನಮ್ಮ ಕನ್ನಡ ಸಂಘದ ಪರಿಚಯದವರೊಬ್ಬರು ನಾನು ಚಿಕಿತ್ಸೆ ತಗೊಂಡ ಆಸ್ಪತ್ರೇಲೇ ಕೆಲಸ ಮಾಡ್ತಾರೆ. ನನ್ನ ಗರ್ಭಪಾತದ ವಿಷಯ ಅವರಿಗೆ ಹೇಗೋ ಗೊತ್ತಾಗಿದೆ. ನೋಡಿರಬಹುದು ಅಂತ ಅನುಮಾನ, ಆದ್ರೆ ಪುರಾವೆ ಇಲ್ಲ.

ಪುರಾವೆ ಆಸ್ಪತ್ರೆ ಕಂಪ್ಯೂಟರಲ್ಲೇ ಇರತ್ತೆ. ಯಾರು, ಯಾವ ದಿನ, ಎಷ್ಟು ಗಂಟೆಗೆ, ನಿಮ್ಮ ಫೈಲಿನ ಯಾವ ಪುಟ ತೆಗೆದ್ರು ಅನ್ನೋದು ಆಡಿಟ್ ಲಾಗ್‌ನಲ್ಲಿ ದಾಖಲಾಗತ್ತೆ. ಆಸ್ಪತ್ರೆಯ ಪ್ರೈವಸಿ ಆಫೀಸರ್‌ಗೆ ಪತ್ರ ಬರೆದು ಇಂಥ ಹೆಸರಿನವರು ನನ್ನ ದಾಖಲೆ ತೆಗೆದಿದ್ದಾರಾ ತನಿಖೆ ಮಾಡಿ ಅಂತ ಕೇಳಿ. ಇಡೀ ಲಾಗ್ ನಿಮ್ಮ ಕೈಗೆ ಕೊಡಲೇಬೇಕು ಅಂತ ಕಾನೂನಿಲ್ಲ, ಆದ್ರೆ ದೂರು ಕೊಟ್ಟರೆ ತನಿಖೆ ಮಾಡಲೇಬೇಕು. ಎಕ್ಸ್‌ಚೇಂಜ್‌ಗೂ ಬರೀರಿ, ಯಾರು ನೋಡಿದ್ರು ಅನ್ನೋ ಪಟ್ಟಿ ಕೆಲವು ಕಡೆ ಕೇಳಿದ್ರೆ ಕೊಡ್ತಾರೆ. ಚಿಕಿತ್ಸೆಗೆ ಸಂಬಂಧವಿಲ್ದೆ ಇಣುಕೋದನ್ನ ಸಣ್ಣ ತಪ್ಪು ಅಂತ ಯಾರೂ ತಳ್ಳಿಹಾಕಲ್ಲ, 2011ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಆಸ್ಪತ್ರೆ ವ್ಯವಸ್ಥೆ ಖ್ಯಾತ ರೋಗಿಗಳ ಫೈಲನ್ನ ಸಿಬ್ಬಂದಿ ಇಣುಕಿದ ಪ್ರಕರಣದಲ್ಲಿ 8,65,500 ಡಾಲರ್ ಕಟ್ಟಿ ಇತ್ಯರ್ಥ ಮಾಡ್ಕೊಂಡಿತ್ತು.

ಆ ಪರಿಚಯದವರ ಹತ್ರ ಮಾತಾಡೋಕೆ ಹೋಗಬೇಡಿ, ಸಂಘದಲ್ಲಿ ಇನ್ನಷ್ಟು ಕಿವಿಗೆ ಬೀಳತ್ತೆ. ಆಸ್ಪತ್ರೆ ಉತ್ತರ ಸರಿ ಬರದಿದ್ರೆ ಫೆಡರಲ್ ಆರೋಗ್ಯ ಇಲಾಖೆಯ ಆಫೀಸ್ ಫಾರ್ ಸಿವಿಲ್ ರೈಟ್ಸ್‌ಗೆ ಆನ್‌ಲೈನಲ್ಲೇ ದೂರು ಕೊಡಬಹುದು, ವಕೀಲರು ಬೇಕಾಗಿಲ್ಲ. ನಿಮಗೆ ವಿಷಯ ಗೊತ್ತಾದ ದಿನದಿಂದ 180 ದಿನ ಮಾತ್ರ ಅವಕಾಶ, ಅದಕ್ಕೆ ಆಸ್ಪತ್ರೆಗೆ ಪತ್ರ ಈ ವಾರವೇ ಹೋಗಲಿ, ನಕಲು ಒಂದು ನಿಮ್ಮ ಹತ್ರ ಇರಲಿ.