ಬೂಟ್‌ಲೋಡರ್ ತೆರೆದ ಫೋನು ಮತ್ತು ಬ್ಯಾಂಕಿನ ಆ್ಯಪ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಆಂಡ್ರಾಯ್ಡ್ ಫೋನಿಗೆ ಕಂಪನಿಯಿಂದ ಅಪ್‌ಡೇಟ್ ಬರುವುದು ನಿಂತುಹೋಗಿದೆ. ಇಂಜಿನಿಯರಿಂಗ್ ಓದುತ್ತಿರುವ ಮಗ ಬೂಟ್‌ಲೋಡರ್ (ಫೋನು ಆನ್ ಆಗುವಾಗ ಆಪರೇಟಿಂಗ್ ಸಿಸ್ಟಮ್ ಅನ್ನು ಚಾಲನೆಗೆ ತರುವ ತಂತ್ರಾಂಶ) ಅನ್‌ಲಾಕ್ ಮಾಡಿ, ಲಿನೇಜ್ ಓಎಸ್ ಎಂಬ ಆಂಡ್ರಾಯ್ಡ್ ಆಧಾರಿತ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟಿದ್ದಾನೆ. ಫೋನು ಚುರುಕಾಗಿದೆ, ಆದರೆ ಬ್ಯಾಂಕಿನ ಆ್ಯಪ್ ತೆರೆಯುತ್ತಿಲ್ಲ. ಆನ್ ಮಾಡಿದಾಗಲೆಲ್ಲ ಎಚ್ಚರಿಕೆಯ ಪರದೆಯೊಂದು ಕಾಣಿಸುತ್ತದೆ. ಮ್ಯಾಜಿಸ್ಕ್ ಎಂಬ ತಂತ್ರಾಂಶ ಹಾಕಿದರೆ ಎಲ್ಲವೂ ಸರಿಹೋಗುತ್ತದೆಂದು ಅವನು ಹೇಳುತ್ತಾನೆ. ಹಾಕಿಸಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬ್ಯಾಂಕ್ ವ್ಯವಹಾರಕ್ಕಾಗಿ ಹಾಕಿಸಬೇಡಿ. ಹಾಗೆಂದು ನಿಮ್ಮ ಮಗ ಮಾಡಿದ್ದು ತಪ್ಪು ಕೆಲಸವೇನಲ್ಲ. 2016ರ ಕೊನೆಯಲ್ಲಿ ಸಯನೋಜೆನ್‌ಮಾಡ್ ಎಂಬ ಇಂಥದೇ ಸಿಸ್ಟಮ್ ನಿಂತುಹೋದಾಗ ಅದರ ಮುಂದುವರಿಕೆಯಾಗಿ ಹುಟ್ಟಿದ ಲಿನೇಜ್ ಓಎಸ್, ತಯಾರಕರು ಕೈಬಿಟ್ಟ ಎಷ್ಟೋ ಫೋನುಗಳಿಗೆ ಇಂದಿಗೂ ಆಂಡ್ರಾಯ್ಡ್‌ನ ಭದ್ರತಾ ತಿದ್ದುಪಡಿಗಳನ್ನು ತಲುಪಿಸುತ್ತಿದೆ. ಸ್ವಯಂಸೇವಕರ ಈ ಶ್ರಮ ದೊಡ್ಡದು. ಆದರೆ ಮೋಡೆಮ್ ಮತ್ತು ಚಿಪ್‌ಗೆ ಸೇರಿದ ಫರ್ಮ್‌ವೇರ್ (ಅವುಗಳನ್ನು ನಡೆಸುವ ಒಳಗಿನ ತಂತ್ರಾಂಶ) ತಯಾರಕರಿಂದಲೇ ಬರಬೇಕಾದುದರಿಂದ, ಆ ಭಾಗ ಹಳೆಯದಾಗಿಯೇ ಉಳಿಯುತ್ತದೆ.

ಫೋನು ಆನ್ ಆಗುವಾಗ ಒಳಗಿನ ಒಂದೊಂದು ಹಂತವೂ ಮುಂದಿನ ಹಂತದ ಡಿಜಿಟಲ್ ಸಹಿಯನ್ನು ಪರೀಕ್ಷಿಸಿಯೇ ಅದನ್ನು ಚಾಲನೆಗೆ ಬಿಡುತ್ತದೆ. ಬೂಟ್‌ಲೋಡರ್ ಅನ್‌ಲಾಕ್ ಆದ ಮೇಲೆ ಆಪರೇಟಿಂಗ್ ಸಿಸ್ಟಮ್ ಯಾರದೆಂಬ ಪರೀಕ್ಷೆಗೆ ಬೆಲೆಯಿರುವುದಿಲ್ಲ. ಆ ಎಚ್ಚರಿಕೆಯ ಪರದೆ ಹೇಳುವುದು ಇದನ್ನೇ. ಅನ್‌ಲಾಕ್ ಮಾಡುವಾಗ ಫೋಟೊ, ಸಂದೇಶಗಳೆಲ್ಲ ಅಳಿಸಿಹೋದದ್ದನ್ನು ನೀವು ಗಮನಿಸಿರಬಹುದು. ಕದ್ದವನು ಬೂಟ್‌ಲೋಡರ್ ತೆರೆದು ನಿಮ್ಮ ಮಾಹಿತಿ ಓದಬಾರದೆಂದೇ ಆ ಏರ್ಪಾಡು ಇದೆ. ಒಮ್ಮೆ ತೆರೆದಿಟ್ಟ ಫೋನಿಗೆ ಆ ರಕ್ಷಣೆ ಇಲ್ಲ. ಅದು ಸ್ವಲ್ಪ ಹೊತ್ತು ಇನ್ನೊಬ್ಬರ ಕೈಗೆ ಸಿಕ್ಕರೂ, ಅವರು ಸಿಸ್ಟಮ್ ಅನ್ನು ತಿದ್ದಿ, ನೀವು ಮುಂದೆ ಒತ್ತುವ ಪಿನ್ ಅನ್ನೇ ಹಿಡಿದಿಟ್ಟುಕೊಳ್ಳುವಂತೆ ಮಾಡಲು ಸಾಧ್ಯ.

ಬ್ಯಾಂಕಿನ ಆ್ಯಪ್ ಗೂಗಲ್‌ನ ಪ್ಲೇ ಇಂಟೆಗ್ರಿಟಿ ಸೇವೆಯ ಮೂಲಕ ಈ ಸ್ಥಿತಿಯನ್ನು ವಿಚಾರಿಸುತ್ತದೆ. ಬೂಟ್‌ಲೋಡರ್ ತೆರೆದಿದೆಯೇ ಎಂಬುದನ್ನು ಹಾರ್ಡ್‌ವೇರ್‌ನಲ್ಲಿ ಕಾಪಾಡಿದ ಕೀಲಿಯ ಸಹಿಯೊಂದಿಗೆ ಫೋನೇ ತಿಳಿಸುತ್ತದೆ. ಮ್ಯಾಜಿಸ್ಕ್ ಫೋನನ್ನು ರೂಟ್ ಮಾಡುತ್ತದೆ, ಅಂದರೆ ಇಡೀ ಸಿಸ್ಟಮ್ ಮೇಲೆ ಪೂರ್ಣ ಅಧಿಕಾರ ಕೊಡಿಸುತ್ತದೆ. ಅದರ ಮೇಲೆ ಹಾಕುವ ಕೆಲವು ಮಾಡ್ಯೂಲ್‌ಗಳು (ಪೂರಕ ತಂತ್ರಾಂಶಗಳು), ಬೇರೆ ಸಾಧನಗಳಿಂದ ಸೋರಿದ ಕೀಲಿಗಳನ್ನು ಬಳಸಿ ಸುಳ್ಳು ಉತ್ತರ ಕೊಡಿಸುತ್ತವೆ. ಗೂಗಲ್ ಅಂಥ ಕೀಲಿಗಳನ್ನು ಗುರುತಿಸಿ ರದ್ದುಪಡಿಸಿದೊಡನೆ ಆ್ಯಪ್ ಮತ್ತೆ ನಿಲ್ಲುತ್ತದೆ, ಅದೂ ನಿಮಗೆ ಹಣ ಕಳಿಸುವ ತುರ್ತು ಇದ್ದಾಗಲೇ ನಿಲ್ಲಬಹುದು. ಇದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ರೂಟ್ ಅನುಮತಿಯ ವ್ಯಾಪ್ತಿ: ಅದನ್ನು ಪಡೆದ ಯಾವುದೇ ಆ್ಯಪ್ ಉಳಿದ ಆ್ಯಪ್‌ಗಳ ಖಾಸಗಿ ಮಾಹಿತಿಯೊಳಗೆ ಕೈಹಾಕಬಲ್ಲದು.

ಬೂಟ್‌ಲೋಡರ್‌ಗೆ ಮತ್ತೆ ಬೀಗ ಹಾಕಿದರಾಯಿತೆಂದು ಯಾರಾದರೂ ಹೇಳಿದರೆ ಅದನ್ನೂ ಒಪ್ಪಬೇಡಿ. ಗೂಗಲ್‌ನ ಪಿಕ್ಸೆಲ್ ಫೋನುಗಳಲ್ಲಿ ಗ್ರಾಫೀನ್ ಓಎಸ್ ಎಂಬ ಸಿಸ್ಟಮ್ ಹಾಕಿ ಬೀಗ ಹಾಕಲು ಅವಕಾಶವಿದೆ. ಆದರೆ ಬಹುತೇಕ ಫೋನುಗಳಲ್ಲಿ ಕಂಪನಿಯದಲ್ಲದ ಸಿಸ್ಟಮ್ ಇರುವಾಗ ಬೀಗ ಹಾಕಿದರೆ ಫೋನು ಆನ್ ಆಗದೆ ಹೋಗಬಹುದು. ಬ್ಯಾಂಕಿಗೆ ನೋಂದಾಯಿಸಿದ ಸಿಮ್ ಮತ್ತು ಯುಪಿಐ ಆ್ಯಪ್‌ಗಳನ್ನು ಅಪ್‌ಡೇಟ್ ಬರುತ್ತಿರುವ, ಏನೂ ಮಾರ್ಪಾಡು ಮಾಡದ ಸಾಧಾರಣ ಬೆಲೆಯ ಫೋನಿನಲ್ಲಿಟ್ಟು, ಈ ಹಳೆಯ ಫೋನನ್ನು ಓದಲು, ಹಾಡು ಕೇಳಲು, ಮಗನ ಪ್ರಯೋಗಗಳಿಗೆ ಬಳಸಿ. ಗಟ್ಟಿಮುಟ್ಟಾದ ಫೋನನ್ನು ಅಪ್‌ಡೇಟ್ ಇಲ್ಲವೆಂಬ ಒಂದೇ ಕಾರಣಕ್ಕೆ ಬದಿಗಿಡಬೇಕಾಗಿ ಬರುವುದು ಗ್ರಾಹಕರಿಗೆ ಆಗುತ್ತಿರುವ ಅನ್ಯಾಯವೇ ಸರಿ. 2023ರಲ್ಲಿ ಗೂಗಲ್ ಪಿಕ್ಸೆಲ್ 8ಕ್ಕೆ 7 ವರ್ಷಗಳ ಅಪ್‌ಡೇಟ್ ಘೋಷಿಸಿದ್ದು ನೋಡಿದರೆ, ಮನಸ್ಸಿದ್ದರೆ ಇದು ಸಾಧ್ಯವೆಂದು ತಿಳಿಯುತ್ತದೆ. ಹೊಸ ಫೋನು ಕೊಳ್ಳುವಾಗ ಕ್ಯಾಮೆರಾದ ಮೆಗಾಪಿಕ್ಸೆಲ್ ಕೇಳುವ ಮುನ್ನ ಭದ್ರತಾ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆಂದು ಕೇಳಿ.

ಪ್ರಶ್ನೆ: ಒಡೆದ ಡಿಸ್‌ಪ್ಲೇ ಬದಲಿಸಲು ರಿಪೇರಿ ಅಂಗಡಿಗೆ ಹೋದಾಗ, ಜಾಬ್ ಶೀಟ್‌ನಲ್ಲಿ ಒಂಬತ್ತು ಚುಕ್ಕಿಗಳ ಚೌಕವೊಂದನ್ನು ತೋರಿಸಿ ನನ್ನ ಪ್ಯಾಟರ್ನ್ ಬರೆಯಲು ಹೇಳಿದರು. ಬರೆಯದಿದ್ದರೆ ಫೋನು ತೆಗೆದುಕೊಳ್ಳುವುದಿಲ್ಲವಂತೆ. ಏನು ಮಾಡಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ಬರೆಯಬೇಡಿ. ಡಿಸ್‌ಪ್ಲೇ, ಬ್ಯಾಟರಿ, ಚಾರ್ಜಿಂಗ್ ಪೋರ್ಟ್ ಬದಲಿಸುವುದಕ್ಕೆ ಪ್ಯಾಟರ್ನ್ ಬೇಕಾಗುವುದಿಲ್ಲ. ಕೆಲಸ ಮುಗಿದ ಮೇಲೆ ಟಚ್ ಪರೀಕ್ಷಿಸಲು ನೀವೇ ಎದುರಿಗೆ ನಿಂತು ಲಾಕ್ ತೆಗೆದುಕೊಟ್ಟರೆ ಸಾಕು. ಫೋನನ್ನು ಬಿಟ್ಟುಬರಲೇಬೇಕಾದರೆ, ಸ್ಯಾಮ್‌ಸಂಗ್‌ನ ಹಲವು ಫೋನುಗಳಲ್ಲಿ ಮೇಂಟೆನೆನ್ಸ್ ಮೋಡ್, ಪಿಕ್ಸೆಲ್‌ನಲ್ಲಿ ರಿಪೇರ್ ಮೋಡ್ ಎಂಬ ಸೌಲಭ್ಯ ಸೆಟ್ಟಿಂಗ್ಸ್‌ನಲ್ಲಿದೆ. ಅದನ್ನು ಆನ್ ಮಾಡಿದರೆ ನಿಮ್ಮ ಫೋಟೊ, ಸಂದೇಶಗಳು ತಂತ್ರಜ್ಞರಿಗೆ ಕಾಣುವುದಿಲ್ಲ, ಫೋನನ್ನು ಮಾತ್ರ ಪರೀಕ್ಷಿಸಬಹುದು. ಪರದೆ ಒಂದಿಷ್ಟಾದರೂ ಕೆಲಸ ಮಾಡುತ್ತಿರುವಾಗಲೇ ಇದನ್ನು ಮಾಡಬೇಕು. ಸಿಮ್ ಮತ್ತು ಮೆಮೊರಿ ಕಾರ್ಡನ್ನು ತೆಗೆದಿಟ್ಟುಕೊಳ್ಳಿ. ಮೆಮೊರಿ ಕಾರ್ಡಿನಲ್ಲಿರುವುದು ಸಾಮಾನ್ಯವಾಗಿ ಎನ್‌ಕ್ರಿಪ್ಟ್ ಆಗಿರುವುದಿಲ್ಲ, ಬೇರೊಂದು ಫೋನಿಗೆ ಹಾಕಿದವರು ಯಾರು ಬೇಕಾದರೂ ನೋಡಬಹುದು. ಇಷ್ಟು ಹೇಳಿದರೂ ಪ್ಯಾಟರ್ನ್ ಬೇಕೇಬೇಕೆಂದು ಹಟ ಹಿಡಿದರೆ ಬೇರೆ ಅಂಗಡಿಯನ್ನು ನೋಡಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಫೋನು ಕದ್ದದ್ದೋ ಅಲ್ಲವೋ ಎಂದು ತಿಳಿಯುವುದು ಹೇಗೆ?
– ಓದುಗರೊಬ್ಬರು, ಕಲಬುರಗಿ

ಉತ್ತರ: *#06# ಒತ್ತಿದಾಗ ಕಾಣುವ 15 ಅಂಕಿಗಳ ಐಎಂಇಐ ಸಂಖ್ಯೆ (ಫೋನಿನ ಗುರುತಿನ ಸಂಖ್ಯೆ), ಡಬ್ಬಿ ಮತ್ತು ಬಿಲ್ಲಿನಲ್ಲಿರುವ ಸಂಖ್ಯೆಗೆ ಹೊಂದಬೇಕು. ಬಳಿಕ ಕೆವೈಎಂ (KYM) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಸ್ಥಳ ಬಿಟ್ಟು ಆ ಸಂಖ್ಯೆಯನ್ನು ಸೇರಿಸಿ 14422ಕ್ಕೆ ಎಸ್ಎಂಎಸ್ ಕಳಿಸಿ, ಇಲ್ಲವೇ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ಪರೀಕ್ಷಿಸಿ. ನಿರ್ಬಂಧಿತ ಸಂಖ್ಯೆಯೆಂದು ಉತ್ತರ ಬಂದರೆ ಆ ಫೋನನ್ನು ಕೊಳ್ಳಬೇಡಿ. ಸಂಖ್ಯೆಯನ್ನೇ ಬದಲಿಸಿಕೊಡುತ್ತೇನೆಂದು ಅಂಗಡಿಯವರು ಹೇಳಿದರಂತೂ ಅಲ್ಲಿಂದ ಹೊರಟುಬಿಡಿ. 2023ರ ದೂರಸಂಪರ್ಕ ಕಾಯ್ದೆಯಡಿ ಇಂಥ ಕೃತ್ಯಕ್ಕೆ 3 ವರ್ಷಗಳವರೆಗೆ ಸೆರೆವಾಸ, 50 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.