ಔಷಧಿ ಕೊಟ್ಟ ಮೇಲೂ ಮಗುವಿನ ಜ್ವರ ಪೂರ್ತಿ ಇಳಿಯದಿದ್ದರೆ ಏನು ಮಾಡಬೇಕು?

ಎರಡೂವರೆ ವರ್ಷದ ಮಗುವಿಗೆ ಪ್ಯಾರಸಿಟಮಾಲ್ ಸಿರಪ್ ಕೊಟ್ಟು ಎರಡು ಗಂಟೆಯಾದರೂ ಜ್ವರ 103 ಡಿಗ್ರಿಯಿಂದ 101ಕ್ಕೆ ಮಾತ್ರ ಇಳಿದಿದೆ, ಈಗಲೇ ಇನ್ನೊಮ್ಮೆ ಕೊಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಈಗ ಕೊಡಬೇಡಿ. ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿರುವ ನನಗೆ ಈ ಗಾಬರಿ ಚೆನ್ನಾಗಿ ಗೊತ್ತು. ಆದರೆ ನಿಮ್ಮ ಔಷಧಿ ಕೆಲಸ ಮಾಡಿದೆ. ಅದು ಮೈ ಬಿಸಿಯನ್ನು ಸಾಮಾನ್ಯವಾಗಿ ಎರಡು ಡಿಗ್ರಿಯಷ್ಟು ಇಳಿಸುತ್ತದೆಯೇ ಹೊರತು ಜ್ವರ ತಂದ ಸೋಂಕನ್ನು ವಾಸಿ ಮಾಡುವುದಿಲ್ಲವಾದ್ದರಿಂದ, ಅದರ ಪ್ರಭಾವ ಮುಗಿದೊಡನೆ ಜ್ವರ ಮತ್ತೆ ಏರುವುದು ಸಹಜ.

ಎರಡು ಡೋಸ್‌ಗಳ ನಡುವೆ ಕನಿಷ್ಠ 4ರಿಂದ 6 ಗಂಟೆ ಅಂತರವಿರಬೇಕು, 24 ಗಂಟೆಯಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚು ಕೊಡಬಾರದು. ಪ್ರಮಾಣವನ್ನು ವಯಸ್ಸಿಗಿಂತ ತೂಕ ನೋಡಿ ನಿರ್ಧರಿಸುವುದು ಸರಿ: ಪ್ರತಿ ಕಿಲೋಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ, ಅಂದರೆ 12 ಕಿಲೋ ತೂಗುವ ಮಗುವಿಗೆ 120ರಿಂದ 180 ಮಿಲಿಗ್ರಾಂ. ಬಾಟಲಿಯ ಲೇಬಲ್ಲನ್ನು ಒಮ್ಮೆ ದೀಪದ ಬೆಳಕಿನಲ್ಲಿ ಓದಿ. ಕೆಲವು ಸಿರಪ್‌ಗಳ 5 ಎಂ.ಎಲ್.ನಲ್ಲಿ 120 ಅಥವಾ 125 ಮಿಲಿಗ್ರಾಂ ಇದ್ದರೆ ಕೆಲವುದರಲ್ಲಿ 250 ಇರುತ್ತದೆ. ಶಿಶುಗಳ ಡ್ರಾಪ್ಸ್‌ನ ಒಂದೇ ಎಂ.ಎಲ್.ನಲ್ಲಿ 100 ಮಿಲಿಗ್ರಾಂ ಇರುವುದುಂಟು. ಅಡುಗೆಮನೆಯ ಚಮಚ ಬೇಡ, ಬಾಟಲಿಯ ಜೊತೆ ಬಂದ ಅಳತೆಯ ಮುಚ್ಚಳವನ್ನೋ ಸಿರಿಂಜನ್ನೋ ಬಳಸಿ. ಶೀತದ ಸಿರಪ್ಪನ್ನೂ ಕೊಡುತ್ತಿದ್ದರೆ ಅದರಲ್ಲೂ ಪ್ಯಾರಸಿಟಮಾಲ್ ಇದೆಯೇ ಎಂದು ನೋಡಿ, ಏಕೆಂದರೆ ಹೀಗೆ ಅರಿವಿಲ್ಲದೆ ಎರಡು ಪಟ್ಟಾಗುವ ಪ್ರಮಾಣ ಮಗುವಿನ ಯಕೃತ್ತಿಗೆ ಹಾನಿ ಮಾಡಬಲ್ಲದು.

ಜ್ವರ ಇಳಿಯಲಿಲ್ಲವೆಂದು ಐಬುಪ್ರೊಫೆನ್ ಅನ್ನು ನೀವಾಗಿಯೇ ಸೇರಿಸಬೇಡಿ. ಡೆಂಗಿಯ ಅನುಮಾನವಿದ್ದಾಗ ಅದರಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಆಸ್ಪಿರಿನ್ ಅಂತೂ ಮಕ್ಕಳಿಗೆ ಕೂಡದು. ತಣ್ಣೀರಿನ ಬಟ್ಟೆಯೂ ಬೇಡ. ಮಗು ನಡುಗತೊಡಗಿದರೆ ಒಳಗಿನ ಬಿಸಿ ಇನ್ನೂ ಏರುತ್ತದೆ. ತೆಳು ಬಟ್ಟೆ ತೊಡಿಸಿ, ಸ್ವಲ್ಪ ಸ್ವಲ್ಪವಾಗಿ ಆಗಾಗ ನೀರು ಅಥವಾ ಹಾಲು ಕುಡಿಸಿ.

ನಾನು ಥರ್ಮಾಮೀಟರಿಗಿಂತ ಹೆಚ್ಚಾಗಿ ನೋಡುವುದು ಮಗುವನ್ನೇ. ಔಷಧಿ ಕೊಟ್ಟು ಒಂದು ಗಂಟೆಯ ಮೇಲೆ ಅದು ಕಣ್ಣರಳಿಸಿ ನೋಡುತ್ತಿದ್ದರೆ, ಕುಡಿಯುತ್ತಿದ್ದರೆ, ಮೂತ್ರ ಮಾಡುತ್ತಿದ್ದರೆ, 101 ಡಿಗ್ರಿಗೆ ಹೆದರಬೇಕಿಲ್ಲ. ನಿದ್ದೆ ಮಾಡುತ್ತಿರುವ ಮಗುವನ್ನು ಔಷಧಿಗೆಂದೇ ಎಬ್ಬಿಸುವುದೂ ಬೇಡ. ಆದರೆ ಎಬ್ಬಿಸಿದರೂ ಏಳದ ಮಂಪರು, ಏದುಸಿರು, ಉಸಿರೆಳೆದಾಗ ಒಳಸೇರುವ ಪಕ್ಕೆ, ಸೆಟೆದ ಕುತ್ತಿಗೆ, ಒತ್ತಿದರೂ ಮಾಸದ ಕೆಂಪು ಚುಕ್ಕೆ, ನಿಲ್ಲದ ವಾಂತಿ, ಎಂಟು ಗಂಟೆ ಮೂತ್ರವಿಲ್ಲದಿರುವುದು, ಇವುಗಳಲ್ಲಿ ಒಂದು ಕಂಡರೂ ಜ್ವರ ಎಷ್ಟೇ ಇರಲಿ ತಕ್ಷಣ ಆಸ್ಪತ್ರೆಗೆ ಹೊರಡಿ. ಫಿಟ್ಸ್ ಬಂದರೆ ಮಗುವನ್ನು ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ. ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಸಿ, ಬೇಗ ನಿಂತರೂ ವೈದ್ಯರಿಗೆ ತೋರಿಸಿ. ಮೂರು ತಿಂಗಳೊಳಗಿನ ಶಿಶುವಾದರೆ 100.4 ಡಿಗ್ರಿ ಮುಟ್ಟಿದೊಡನೆ ಕಾಯದೆ ಕರೆದೊಯ್ಯಬೇಕು.

ಬೇರೆ ತೊಂದರೆ ಇಲ್ಲದಿದ್ದರೂ ಜ್ವರ ಮೂರು ದಿನ ದಾಟಿದರೆ ವೈದ್ಯರಲ್ಲಿಗೆ ಹೋಗಿ. ಹೋಗುವಾಗ ಯಾವ ಹೊತ್ತಿಗೆ ಎಷ್ಟು ಜ್ವರವಿತ್ತು, ಎಷ್ಟು ಎಂ.ಎಲ್. ಕೊಟ್ಟಿರಿ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು, ಔಷಧಿಯ ಬಾಟಲಿಯನ್ನೂ ಜೊತೆಗೆ ಒಯ್ಯಿರಿ.