ಬೆಲ್ಸ್ ಪಾಲ್ಸಿ (ಮುಖದ ನರ ಊದಿಕೊಂಡು ಮುಖದ ಒಂದು ಬದಿ ಇದ್ದಕ್ಕಿದ್ದಂತೆ ಬಲ ಕಳೆದುಕೊಳ್ಳುವುದು) ಆದ ನಂತರ ನಕ್ಕರೆ ಕಣ್ಣು ಮುಚ್ಚುತ್ತದೆ. ವ್ಯಾಯಾಮ ಜಾಸ್ತಿ ಮಾಡಲಾ? ಮುಖಕ್ಕೆ ಕರೆಂಟ್ ಕೊಡಿಸಲಾ?

ಬೇಡ. ದಯವಿಟ್ಟು ಬೇಡ. ನರಕ್ಕೆ ಇನ್ನೂ ಬಲ ಬಂದಿಲ್ಲ ಅಂತ ನೀವು ಅಂದುಕೊಂಡಿದ್ದೀರಿ, ಆ ಲೆಕ್ಕವೇ ಸರಿಯಿಲ್ಲ. ನಾನೂ ಹಾಗೇ ಅಂದುಕೊಂಡಿದ್ದೆ.

ನನಗೆ ಎಡಗಡೆ ಆಗಿತ್ತು. ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಒಂದು ಬದಿಯಿಂದ ಸೋರಿತು. ಮನೆಯಲ್ಲಿ ಎಲ್ಲರೂ ಲಕ್ವ ಎಂದು ಹೆದರಿದರು. ಸ್ಟಿರಾಯ್ಡ್ ಮಾತ್ರೆ ಬೇಗನೇ ಶುರುವಾಯಿತು. 72 ಗಂಟೆಯೊಳಗೆ ಶುರುವಾದರೆ ಒಳ್ಳೆಯದು. ಆದರೂ ವಾರಗಟ್ಟಲೆ ಮುಖ ಅಲುಗಲಿಲ್ಲ. ಕೊನೆಗೊಮ್ಮೆ ತುಟಿಯ ಅಂಚು ಮಿಸುಕಿತು ನೋಡಿ, ಅಲ್ಲಿಂದ ನಾನು ಬಿಡಲೇ ಇಲ್ಲ. ಬಲೂನು ಊದಿದೆ, ಚ್ಯೂಯಿಂಗ್ ಗಮ್ ಜಗಿದೆ, ಹಲ್ಲು ಕಿರಿದೆ, ಕಣ್ಣು ಬಿಗಿಯಾಗಿ ಮುಚ್ಚಿದೆ. ಎಲ್ಲಾ ಒಟ್ಟೊಟ್ಟಿಗೆ, ಪೂರ್ತಿ ಜೋರಿನಲ್ಲಿ.

ಎಡವಟ್ಟಾಗಿದ್ದು ಇಲ್ಲೇ. ಮುಖದ ನರವೆಂದರೆ ಸಾವಿರಾರು ಎಳೆಗಳ ಕಟ್ಟು. ಅದು ಕಿವಿಯ ಹತ್ತಿರ ಮೂಳೆಯೊಳಗಿನ ಇಕ್ಕಟ್ಟಾದ ದಾರಿಯಲ್ಲಿ ಹಾದು ಬರುತ್ತದೆ. ಅಲ್ಲಿ ಊದಿಕೊಂಡರೆ ನರ ಅದುಮಿಹೋಗುತ್ತದೆ. ಹೆಚ್ಚು ಪೆಟ್ಟಾದ ಎಳೆಗಳು ಸಾಯುತ್ತವೆ, ಆಮೇಲೆ ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಮತ್ತೆ ಬೆಳೆಯುತ್ತವೆ. ಎಳೆಯ ಸುತ್ತಲಿನ ಕವಚ ಉಳಿದಿದ್ದರೆ ಹಳೇ ದಾರಿ ಹಿಡಿಯುತ್ತವೆ. ಕವಚವೂ ಹಾಳಾಗಿದ್ದರೆ ದಾರಿ ತಪ್ಪುತ್ತವೆ. ತುಟಿಗೆ ಹೋಗಬೇಕಾದ ಎಳೆ ಕಣ್ಣಿನ ಸುತ್ತಲಿನ ಸ್ನಾಯುವಿಗೆ ಸೇರುತ್ತದೆ, ಇಲ್ಲವೇ ಕವಲೊಡೆದು ಎರಡಕ್ಕೂ ಹೋಗುತ್ತದೆ. ಹೀಗೆ ಒಂದನ್ನು ಅಲುಗಿಸಿದರೆ ಇನ್ನೊಂದೂ ತಾನಾಗಿ ಅಲುಗುವುದಕ್ಕೆ ಸಿನ್‌ಕೈನೀಸಿಸ್ ಎನ್ನುತ್ತಾರೆ. ಕಾಲುವೆ ಒಡೆದು ನಿಮ್ಮ ಗದ್ದೆಯ ನೀರು ಪಕ್ಕದ ಗದ್ದೆಗೆ ನುಗ್ಗುತ್ತಿದೆ ಅಂದುಕೊಳ್ಳಿ. ತೂಬು ಇನ್ನಷ್ಟು ಎತ್ತಿದರೆ ಏನಾಗುತ್ತದೆ? ನಾನು ದಿನವೂ ಅದನ್ನೇ ಮಾಡಿದೆ. ತುಟಿ, ಕಣ್ಣು ಎರಡನ್ನೂ ಒಟ್ಟಿಗೆ ಎಳೆದೂ ಎಳೆದೂ ಮಿದುಳಿಗೂ ಅದೇ ರೂಢಿಯಾಯಿತು. ಕೆನ್ನೆ ಹಗ್ಗದಂತೆ ಬಿಗಿಯಿತು.

ಇನ್ನೊಂದು ವಿಷಯ. ಊಟಕ್ಕೆ ಕೂತರೆ ನನ್ನ ಎಡಗಣ್ಣಲ್ಲಿ ನೀರು ಬರುತ್ತದೆ. ಜೊಲ್ಲಿನ ಗ್ರಂಥಿಗೆ ಹೋಗಬೇಕಾದ ಎಳೆಗಳು ಕಣ್ಣೀರಿನ ಗ್ರಂಥಿಗೆ ಸೇರಿದರೆ ಹೀಗಾಗುತ್ತದೆ. ಇದು ಗೊತ್ತಿಲ್ಲದೆ ನನ್ನ ಹೆಂಡತಿ ತುಂಬಾ ದಿನ ಸಾರಿಗೆ ಖಾರ ಕಡಿಮೆ ಹಾಕುತ್ತಿದ್ದಳು.

ಮುಖದ ಸ್ನಾಯುಗಳಿಗೆ ಸಣ್ಣದಾಗಿ ಕರೆಂಟ್ ಕೊಡಿಸಲಾ ಎಂದೂ ಕೇಳಿದ್ದೀರಿ. ಅದರಿಂದ ಗುಣವಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ನಾನಂತೂ ಮತ್ತೆ ಒಪ್ಪುವುದಿಲ್ಲ.

ನನಗೆ ಉಪಯೋಗವಾಗಿದ್ದು ಕನ್ನಡಿ. ಅದರ ಮುಂದೆ ಕೂತು ಸ್ವಲ್ಪವೇ, ನಿಧಾನವಾಗಿ ನಗಬೇಕು. ಕಣ್ಣು ಕಿರಿದಾಗಲು ಶುರುವಾದರೆ ಅಲ್ಲಿಗೇ ನಿಲ್ಲಿಸಬೇಕು. ಬಿಗಿದ ಕೆನ್ನೆಯನ್ನು ಮೆಲ್ಲಗೆ ತೀಡಿ ಸಡಿಲ ಮಾಡಿಕೊಳ್ಳಬೇಕು. ತಿಂಗಳುಗಟ್ಟಲೆ ಹಿಡಿಯುವ ಕೆಲಸ ಇದು. ತಪ್ಪಾಗಿ ಸೇರಿದ ಎಳೆಗಳನ್ನು ಬಿಡಿಸಿ ಜೋಡಿಸಲು ಆಗುವುದಿಲ್ಲ, ಆದರೆ ಮಿದುಳಿಗೆ ಎರಡನ್ನೂ ಬೇರೆ ಬೇರೆಯಾಗಿ ಅಲುಗಿಸುವುದನ್ನು ಕಲಿಸಬಹುದು. ಅದಕ್ಕೂ ಬಗ್ಗದಿದ್ದರೆ ಕಣ್ಣಿನ ಸುತ್ತ ಸ್ನಾಯು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್ ಕೊಡುತ್ತಾರೆ. ಅದರ ಪರಿಣಾಮ 3-4 ತಿಂಗಳು, ಆಮೇಲೆ ಮತ್ತೆ ಹಾಕಿಸಬೇಕು.

ನರರೋಗ ತಜ್ಞರ ಹತ್ತಿರ ಹೋಗುವಾಗ ನೀವು ನಗುವ, ಮಾತಾಡುವ, ತಿನ್ನುವ ವಿಡಿಯೋ ಮಾಡಿಕೊಂಡು ಹೋಗಿ. ಸುಮ್ನೆ ಕೂತಾಗ ಮುಖ ಸರಿಯಾಗೇ ಕಾಣುತ್ತದೆ, ಗುಣವಾಗಿದೆ ಎಂದು ಕಳಿಸಿಬಿಡುತ್ತಾರೆ. "ಇದು ಸಿನ್‌ಕೈನೀಸಿಸ್ ಇರಬಹುದಾ, ಮುಖದ ಸ್ನಾಯುಗಳ ಮರುತರಬೇತಿ ಗೊತ್ತಿರುವ ಫಿಸಿಯೋಥೆರಪಿಸ್ಟ್ ಯಾರಿದ್ದಾರೆ?" ಎಂದು ನೇರವಾಗಿ ಕೇಳಿ.